ಲೈಲಾಕ್ ಸವರುವ ಹೊತ್ತು

ಮೇ 26, 2024, ಭಾನುವಾರ
ರಾಚೆಸ್ಟರ್, ನ್ಯೂಯಾರ್ಕ್

ಹಿತ್ತಲಿನ ಲೈಲಾಕ್ ಈ ವರ್ಷದ ಮಟ್ಟಿಗೆ ಹೂ ಮುಗಿಸಿತು. ಗೊಂಚಲುಗಳೆಲ್ಲ ಕಂದಿವೆ, ಮೂಗು ತಾಗಿಸಿದರಷ್ಟೇ ಪರಿಮಳ. ಇನ್ನೆರಡು ವಾರದೊಳಗೆ ಗಿಡವನ್ನು ಸವರಲೇಬೇಕು. ಮುಂದಿನ ವಸಂತದ ಮೊಗ್ಗನ್ನು ಅದು ಈ ಬೇಸಿಗೆಯಲ್ಲಿಯೇ ಕಟ್ಟಿಕೊಳ್ಳುವುದರಿಂದ, ಎಲೆ ಉದುರಿದ ಮೇಲೆ ಕತ್ತರಿ ಹಿಡಿದು ಹೊರಟವರು ಬರುವ ವರ್ಷದ ಹೂವನ್ನೇ ಕತ್ತರಿಸಿ ಎಸೆದಂತಾಗುತ್ತದೆ. ಇಷ್ಟನ್ನು ಅಮ್ಮನಿಗೆ ಒಪ್ಪಿಸುವುದರಲ್ಲಿ ಮಧ್ಯಾಹ್ನವೆಲ್ಲ ಕಳೆಯಿತು.

"ಹಸಿರಾಗಿ ನಿಂತಿರೋ ಗಿಡಕ್ಕೆ ಯಾರಾದ್ರೂ ಕತ್ತರಿ ಹಾಕ್ತಾರೇನೇ? ಚಳಿಗಾಲ ಬರಲಿ, ಆಮೇಲೆ ಸವರು" ಎಂದಳು.

ಅವಳ ಲೆಕ್ಕ ಮೈಸೂರಿನ ಮನೆಯ ಮಲ್ಲಿಗೆಯದು. ಸಂಕ್ರಾಂತಿಯ ಹೊತ್ತಿಗೆ ಬಳ್ಳಿಯನ್ನು ಸವರಿ, ಬುಡ ಬಿಡಿಸಿ, ಗೊಬ್ಬರ ಕೊಟ್ಟರೆ ಯುಗಾದಿಯ ಹೊತ್ತಿಗೆ ಹೊಸ ಚಿಗುರಿನ ತುದಿಯಲ್ಲಿ ಮೊಗ್ಗು ಕಾಣಿಸಿಕೊಳ್ಳುತ್ತದೆ. ಮಲ್ಲಿಗೆಯ ಮಟ್ಟಿಗೆ ಅದು ಸರಿಯೇ, ಏಕೆಂದರೆ ಅದು ಹೊಸ ಚಿಗುರಿನಲ್ಲಿ ಹೂ ಬಿಡುತ್ತದೆ. ಲೈಲಾಕ್ ಹೂ ಬಿಡುವುದು ಹಿಂದಿನ ವರ್ಷದ ಕಡ್ಡಿಯಲ್ಲಿ. ಎರಡೂ ಒಂದೇ ಓಲಿಯೇಸೀ ಕುಟುಂಬಕ್ಕೆ ಸೇರಿದ್ದರೂ ನಡತೆ ಬೇರೆ. ಕುಟುಂಬದ ವಿಷಯವನ್ನು ಅವಳಿಗೆ ಹೇಳಬೇಕಾಗಲಿಲ್ಲ. ಉದುರಿದ ಒಂದು ಹೂವನ್ನು ಎತ್ತಿಕೊಂಡು, ಕನ್ನಡಕವನ್ನು ಹಣೆಗೇರಿಸಿ, ಅದರ ಸಣ್ಣ ಕೊಳವೆಯನ್ನೂ ನಾಲ್ಕು ಎಸಳನ್ನೂ ನೋಡಿ, "ಇದು ಮಲ್ಲಿಗೆಯ ದಾಯಾದಿ ಕಣೆ" ಎಂದು ತಾನೇ ತೀರ್ಪು ಕೊಟ್ಟಳು.

ಬಾಡಿದ ಗೊಂಚಲೊಂದನ್ನು ಬಗ್ಗಿಸಿ ತೋರಿಸಿದೆ. ಗೊಂಚಲಿನ ತೊಟ್ಟು ಕೊಂಬೆಗೆ ಸೇರುವಲ್ಲಿಯೇ, ಎದುರುಬದುರು ಎಲೆಗಳ ಕಂಕುಳಿನಿಂದ, ಎರಡು ಎಳೆಯ ಚಿಗುರುಗಳು ಹೊರಟಿದ್ದವು. ಮುಂದಿನ ಹೂವು ಬರಬೇಕಾದದ್ದು ಅವುಗಳ ತುದಿಯಿಂದ. ಆದ್ದರಿಂದ ಬಾಡಿದ್ದನ್ನು ಆ ಜೋಡಿಯ ಮೇಲಕ್ಕೇ ಕತ್ತರಿಸಬೇಕು, ಒಂದು ಅಂಗುಲ ಕೆಳಗಿಳಿದರೂ ನಷ್ಟ. ಅಮ್ಮ ಬಹಳ ಹೊತ್ತು ನೋಡಿದಳು. ಒಪ್ಪಿದೆನೆಂದು ಬಾಯಿಬಿಟ್ಟು ಹೇಳಲಿಲ್ಲ, ಕತ್ತರಿಯನ್ನು ಮಾತ್ರ ತನ್ನ ಕೈಗೆ ತೆಗೆದುಕೊಂಡಳು.

ಅವಳಿಗೆ ಈ ಹೂವಿನ ಮೇಲೆ ಬೇರೆಯೇ ಒಂದು ಸಿಟ್ಟಿದೆ. ಕಳೆದ ವಾರ ದಾರದಲ್ಲಿ ಕಟ್ಟಿ ಮುಡಿಯಲು ಹೊರಟಿದ್ದಳು. ಸಂಜೆಯಾಗುವುದರೊಳಗೆ ಮಾಲೆ ಬಾಡಿ, ಹೂಗಳು ಒಂದೊಂದಾಗಿ ಹೆಗಲ ಮೇಲೆ ಉದುರಿದವು. 1892ರಲ್ಲಿ ತೋಟಗಾರಿಕೆ ತಜ್ಞ ಜಾನ್ ಡನ್‌ಬಾರ್ ಲೈಲಾಕ್ ನೆಡಲಾರಂಭಿಸಿ ಈಗ ಅದರ 500ಕ್ಕೂ ಹೆಚ್ಚು ತಳಿಗಳಿರುವ ನಮ್ಮ ಹೈಲ್ಯಾಂಡ್ ಪಾರ್ಕಿನ ಇಳಿಜಾರಿನಲ್ಲಿ ನಡೆಯುವಾಗಲೂ ಅವಳ ಮಾತು ಒಂದೇ: "ಇಷ್ಟೊಂದು ಹೂವಿಟ್ಟುಕೊಂಡು ಒಬ್ಬರೂ ಮುಡಿದಿಲ್ಲವಲ್ಲ!" ಅಲ್ಲಿಂದ ಬಂದವಳೇ ನಮ್ಮ ಗಿಡದ ಬುಡದಿಂದ ಎದ್ದ ಮರಿಯೊಂದನ್ನು ಮೈಸೂರಿಗೆ ಒಯ್ಯುವ ಮಾತೆತ್ತಿದಳು. ತಿಂಗಳುಗಟ್ಟಲೆ ಕೊರೆಯುವ ಚಳಿಯಲ್ಲಿ ಕಳೆಯದಿದ್ದರೆ ಇದರ ಮೊಗ್ಗು ಸರಿಯಾಗಿ ಬಿರಿಯುವುದಿಲ್ಲ. ಮೈಸೂರಿನ ಡಿಸೆಂಬರ್ ಇದಕ್ಕೆ ಯಾವ ಮೂಲೆಗೂ ಸಾಲದು.

ಹಿಂಡಿ ಹಾಕೋಣವೆಂದಳು. ಬೇಡವೆಂದೆ. ಸಾರಜನಕ ಹೆಚ್ಚಾದರೆ ಗಿಡ ಎಲೆಯಲ್ಲೇ ಮೆರೆದು ಹೂವನ್ನು ಮರೆಯುತ್ತದೆ. ನೀರು ನಿಲ್ಲದ, ತುಸು ಸುಣ್ಣದಂಶವಿರುವ ಮಣ್ಣು, ದಿನಕ್ಕೆ ಆರು ಗಂಟೆ ಬಿಸಿಲು, ಇಷ್ಟಿದ್ದರೆ ಅದಕ್ಕೆ ಸಾಕು.

ನನ್ನ ನಿಜವಾದ ಚಿಂತೆ ಹಳೆಯ ಕಾಂಡಗಳದು. ಹಿಂದಿನ ಮಾಲೀಕರು ವರ್ಷಾನುಗಟ್ಟಲೆ ಮುಟ್ಟದೆ ಬಿಟ್ಟಿದ್ದರಿಂದ ಅವು ತೋಳಿನಷ್ಟು ದಪ್ಪವಾಗಿ, ತೊಗಟೆ ಸುಲಿದು, ಹೂವೆಲ್ಲ ಮಹಡಿಯ ಕಿಟಕಿಯೆತ್ತರಕ್ಕೆ ಹೋಗಿದೆ. ಗಾಳಿಯಾಡದ ನಡುಭಾಗದಲ್ಲಿ ಆಗಸ್ಟ್ ಬಂತೆಂದರೆ ಎಲೆಗಳಿಗೆ ಬೂದಿ ರೋಗ. ವರ್ಷಕ್ಕೆ ಮೂರನೆಯ ಒಂದು ಭಾಗದಂತೆ ಹಳೆಯ ಕಾಂಡಗಳನ್ನು ಬುಡದವರೆಗೆ ಕತ್ತರಿಸಿ ತೆಗೆದು, ಗಟ್ಟಿಯಾದ ಕೆಲವು ಮರಿಗಳನ್ನು ಅವುಗಳ ಜಾಗಕ್ಕೆ ಬೆಳೆಯಗೊಟ್ಟರೆ ಮೂರು ವರ್ಷದಲ್ಲಿ ಗಿಡ ಹೊಸದಾಗುತ್ತದೆ. ಎಲ್ಲವನ್ನೂ ಒಮ್ಮೆಗೇ ನೆಲಮಟ್ಟಕ್ಕೆ ಕಡಿದರೂ ಚಿಗುರುತ್ತದೆ, ಆದರೆ ಹೂವಿಗಾಗಿ ಕೆಲವು ವರ್ಷ ಕಾಯಬೇಕು. ಅಷ್ಟು ತಾಳ್ಮೆ ನನಗಿಲ್ಲ.

ಮೊದಲು ಯಾವುದನ್ನು ತೆಗೆಯುವುದು? ಬೇಲಿಯ ಕಡೆ ಬಾಗಿರುವುದೇ ಎಲ್ಲಕ್ಕಿಂತ ಹಳೆಯದು, ಆದರೆ ಪಕ್ಕದ ಮನೆಯ ಅಜ್ಜಿಯ ಅಡುಗೆಮನೆಯ ಕಿಟಕಿಗೆ ಕಾಣುವ ಹೂವು ಅದೊಂದರದೇ. ಅವರನ್ನು ಒಂದು ಮಾತು ಕೇಳಬೇಕು. ನಡುವಿನದನ್ನು ತೆಗೆಯೋಣವೆಂದರೆ ಬುಡಕ್ಕೆ ಗರಗಸ ತೂರುವಷ್ಟು ಜಾಗವಿಲ್ಲ, ಸುತ್ತಲಿನ ಮರಿಗಳನ್ನು ಮೊದಲು ಬಿಡಿಸಿದರೆ ಒಂದು ವೇಳೆ...