ಅಲಸಂದೆ ಚಿಬ್ಬು ರೋಗ: ಔಷಧಿ ಪರೀಕ್ಷೆಯ ಲೆಕ್ಕ ಎಲ್ಲಿ ತಪ್ಪುತ್ತದೆ

ಕೊಡಗಿನ ಜಡಿಮಳೆಯಲ್ಲಿ ಅಲಸಂದೆಯ ಕಾಂಡ, ಕಾಯಿಗಳ ಮೇಲೆ ತಗ್ಗಾದ ಕಂದು ಕಲೆ ಬಿದ್ದು, ನಡುವೆ ನಸುಗೆಂಪು ಅಂಟು ಕಂಡರೆ ಅದು ಚಿಬ್ಬು ರೋಗ. ಆ ಅಂಟೇ ಕೊಲೆಟೊಟ್ರೈಕಮ್ ಶಿಲೀಂಧ್ರದ ಬೀಜಕಣಗಳ ರಾಶಿ. ಯಾವ ಔಷಧಿ ಇದನ್ನು ತಡೆಯುತ್ತದೆ ಎಂದು ನೋಡಲು ಮೊದಲ ಜರಡಿ ಪೆಟ್ರಿ ತಟ್ಟೆ: ಮುಚ್ಚಳವಿರುವ ಈ ಚಪ್ಪಟೆ ತಟ್ಟೆಯಲ್ಲಿ, ಔಷಧಿ ಬೆರೆಸಿದ ಮಾಧ್ಯಮದ ಮೇಲೆ ಶಿಲೀಂಧ್ರ ಬೆಳೆಸಿ ನೋಡುವುದು. ತುಕ್ಕು, ಬೂದಿ ರೋಗಗಳಿಗೆ ಈ ದಾರಿ ಇಲ್ಲ. ಆ ಶಿಲೀಂಧ್ರಗಳು ಜೀವಂತ ಗಿಡದ ಮೇಲಷ್ಟೇ ಬೆಳೆಯುತ್ತವೆ.

ಮಾಧ್ಯಮಕ್ಕೆ, ಅಂದರೆ ಶಿಲೀಂಧ್ರ ಬೆಳೆಸುವ ಆಹಾರಕ್ಕೆ, 200 ಗ್ರಾಂ ಆಲೂಗಡ್ಡೆ ಬೇಯಿಸಿ ಸೋಸಿದ ತಿಳಿಗೆ 20 ಗ್ರಾಂ ಡೆಕ್ಸ್‌ಟ್ರೋಸ್, 20 ಗ್ರಾಂ ಅಗರ್ (ಹೆಪ್ಪುಗಟ್ಟಿಸುವ ಪುಡಿ) ಹಾಕಿ, ನೀರು ಸೇರಿಸಿ 1 ಲೀಟರ್ ಮಾಡಿ, 121 ಡಿಗ್ರಿಯಲ್ಲಿ 20 ನಿಮಿಷ ಆಟೋಕ್ಲೇವ್ ಮಾಡಬೇಕು, ಅಂದರೆ ಒತ್ತಡದ ಹಬೆಯಲ್ಲಿ ಸೂಕ್ಷ್ಮಜೀವಿಗಳನ್ನು ಕೊಲ್ಲಬೇಕು.

ಹೆಚ್ಚಿನವರು ಎಡವುವುದು ಇದರ ನಂತರ, ತೂಕದಲ್ಲಿ. ಪೊಟ್ಟಣದಲ್ಲಿರುವುದೆಲ್ಲ ಔಷಧಿಯಲ್ಲ. ಕಾರ್ಬೆಂಡಾಜಿಮ್ 50 ಡಬ್ಲ್ಯೂಪಿ (ನೀರಿನಲ್ಲಿ ಕದಡುವ ಪುಡಿ) ಎಂಬ ಶಿಲೀಂಧ್ರನಾಶಕದಲ್ಲಿ ಅರ್ಧ ಮಾತ್ರ ಸಕ್ರಿಯ ಅಂಶ. 1 ಗ್ರಾಂ ಪುಡಿಯನ್ನು ಶುದ್ಧೀಕರಿಸಿದ 50 ಮಿ.ಲೀ. ನೀರಿನಲ್ಲಿ ಕದಡಿದರೆ 10,000 ಪಿಪಿಎಂ (ಹತ್ತು ಲಕ್ಷಕ್ಕೆ 10,000 ಪಾಲು) ಮೂಲದ್ರಾವಣ ಸಿಗುತ್ತದೆ. ಅದರ 1 ಮಿ.ಲೀ.ಗೆ 99 ಮಿ.ಲೀ. ಮಾಧ್ಯಮ ಸೇರಿಸಿದರೆ 100 ಪಿಪಿಎಂ. ಇನ್ನೊಂದು ಶಿಲೀಂಧ್ರನಾಶಕ ಮ್ಯಾಂಕೋಜೆಬ್ 75 ಡಬ್ಲ್ಯೂಪಿ ಆದರೆ ಅದೇ 10,000 ಪಿಪಿಎಂಗೆ 100 ಮಿ.ಲೀ. ನೀರಿಗೆ 1.33 ಗ್ರಾಂ. ಪುಡಿ ಕರಗುವುದಿಲ್ಲ, ತಳಕ್ಕಿಳಿಯುತ್ತದೆ. ಪ್ರತಿ ಸಲ ತೆಗೆಯುವ ಮುನ್ನ ಕುಲುಕಲೇಬೇಕು. ಇಲ್ಲದಿದ್ದರೆ ಮೊದಲ ತಟ್ಟೆಗೂ ಕೊನೆಯ ತಟ್ಟೆಗೂ ಬೇರೆ ಬೇರೆ ಪ್ರಮಾಣ ಬೀಳುತ್ತದೆ. ಮಾಧ್ಯಮ ಸುಮಾರು 45 ಡಿಗ್ರಿಗೆ ಇಳಿದ ಮೇಲೆ ಬೆರೆಸಿ. ಔಷಧಿಯಿಲ್ಲದ ತಟ್ಟೆಯ ಮಾಧ್ಯಮಕ್ಕೂ ಅಷ್ಟೇ ಪ್ರಮಾಣದ ಶುದ್ಧ ನೀರು ಹಾಕಿ. ಇದನ್ನು ಬಿಟ್ಟರೆ ಹೋಲಿಕೆಯೇ ನ್ಯಾಯವಲ್ಲ.

ಶಿಲೀಂಧ್ರದ ಎಳೆಯ ಬೆಳವಣಿಗೆಯ ಅಂಚಿನಿಂದ 5 ಮಿ.ಮೀ. ಬಿಲ್ಲೆ ಕತ್ತರಿಸಿ ತಟ್ಟೆಯ ನಡುವೆ ಬೋರಲಾಗಿ ಇಡಿ. ಪ್ರತಿ ಪ್ರಮಾಣಕ್ಕೂ ಕನಿಷ್ಠ ಮೂರು ತಟ್ಟೆ ಬೇಕು. ಔಷಧಿಯಿಲ್ಲದ ತಟ್ಟೆಯ ಬೆಳವಣಿಗೆ ಅಂಚು ಮುಟ್ಟುವ ಮೊದಲೇ ಎಲ್ಲವನ್ನೂ ಒಂದೇ ದಿನ ಎರಡು ಅಡ್ಡಳತೆ ತೆಗೆದು ಸರಾಸರಿ ಮಾಡಿ. ಅದು ಅಂಚಿಗೆ ಬಂದು ನಿಂತ ಮೇಲೂ ಕಾದರೆ, ಔಷಧಿ ತಟ್ಟೆಯಲ್ಲಿ ಶಿಲೀಂಧ್ರ ನಿಧಾನವಾಗಿ ಬೆಳೆಯುತ್ತಲೇ ಇದ್ದು, ತಡೆ ಇರುವುದಕ್ಕಿಂತ ಕಡಿಮೆ ಕಾಣುತ್ತದೆ. ಔಷಧಿಯಿಲ್ಲದ ತಟ್ಟೆ, ಔಷಧಿ ತಟ್ಟೆಗಳ ಸರಾಸರಿ ಅಳತೆಗಳ ವ್ಯತ್ಯಾಸವನ್ನು ಔಷಧಿಯಿಲ್ಲದ ತಟ್ಟೆಯ ಅಳತೆಯಿಂದ ಭಾಗಿಸಿ 100ರಿಂದ ಗುಣಿಸಿದರೆ ಶೇಕಡಾ ತಡೆ. 60 ಮಿ.ಮೀ. ಎದುರು 15 ಮಿ.ಮೀ. ಬಂದರೆ ಶೇ. 75.

ಪೂರ್ತಿ ತಡೆ ಕಂಡ ಬಿಲ್ಲೆಯನ್ನು ಎಸೆಯಬೇಡಿ. ಔಷಧಿಯಿಲ್ಲದ ಹೊಸ ಮಾಧ್ಯಮಕ್ಕೆ ದಾಟಿಸಿ: ಮತ್ತೆ ಚಿಗುರಿದರೆ ಔಷಧಿ ಕೊಂದಿಲ್ಲ, ತಡೆದಿದೆ ಅಷ್ಟೆ.

ಇನ್ನು ಗದ್ದೆಯಲ್ಲಿ ಪರೀಕ್ಷಿಸುವಾಗ ಇಲ್ಲಿನ ತೊಡಕೇ ಬೇರೆ. ಮ್ಯಾಂಕೋಜೆಬ್ ಎಲೆಯ ಮೇಲ್ಮೈಯಲ್ಲಷ್ಟೇ ನಿಲ್ಲುವುದರಿಂದ ಮಳೆಗೆ ತೊಳೆದುಹೋಗುತ್ತದೆ. ತಟ್ಟೆಯಲ್ಲಿ ಗೆದ್ದದ್ದು ಹೊಲದಲ್ಲಿ ಸೋಲಬಹುದು. ಸಿಂಪಡಣೆಯಾಗಿ ಎಷ್ಟು ಗಂಟೆಗೆ ಮಳೆ ಬಂತೆಂದು ಪ್ರತಿ ಸಲ ಬರೆದಿಡಿ. ಪಕ್ಕದ ಕಾಫಿ, ಅಡಿಕೆಗೆ ಹೊಡೆದ ಬೋರ್ಡೋ ದ್ರಾವಣ (ಮೈಲುತುತ್ತ, ಸುಣ್ಣದ ಮಿಶ್ರಣ) ಗಾಳಿಯಲ್ಲಿ ತೇಲಿ ಬಂದರೆ ಔಷಧಿಯಿಲ್ಲದ ಸಾಲಿಗೂ ತಾಮ್ರ ಸಿಕ್ಕಿಬಿಡುತ್ತದೆ. ಹಾಗಾಗಿ ತೋಟದ ಅಂಚಿನ ಪಾತಿಗಳನ್ನು ಪರೀಕ್ಷೆಗೆ ಸೇರಿಸಲೇಬೇಡಿ.