ಜನವರಿ ಚಳಿಯ ಟೀ ಹುಡುಕಿಕೊಂಡು ಕೂನೂರಿಗೆ

ನಮ್ಮನೆಯಲ್ಲಿ ಟೀ ಅಂದರೆ ಹಾಲು, ಶುಂಠಿ ಹಾಕಿ ಚೆನ್ನಾಗಿ ಕುದಿಸಿದ್ದು. ಹಾಲಿಲ್ಲದ ಎಲೆ ಟೀ ರುಚಿ ನನಗೆ ಹತ್ತಿದ್ದು ಮೂರು ವರ್ಷದ ಹಿಂದೆ. ಅಸ್ಸಾಂ, ಡಾರ್ಜಿಲಿಂಗ್ ಎರಡನ್ನೂ ತರಿಸಿ ಕುಡಿದಿದ್ದೆ. ಮೈಸೂರಿನಿಂದ ಅರ್ಧ ದಿನದ ದಾರಿಯಲ್ಲಿರುವ ನೀಲಗಿರಿಯ ಒಳ್ಳೆ ಟೀ ಮಾತ್ರ ಕುಡಿದಿರಲಿಲ್ಲ. ಅದಕ್ಕೆಂದೇ ಈ ಜನವರಿಯಲ್ಲಿ ನಾನೂ ನನ್ನ ತಂಗಿಯೂ ಕೂನೂರಿಗೆ ಹೋಗಿ ಮೂರು ದಿನ ಇದ್ದು ಬಂದೆವು.

ಟೀಗಾಗಿ ಹೋಗುವುದಾದರೆ ಡಿಸೆಂಬರಿನಿಂದ ಫೆಬ್ರವರಿಯೊಳಗೆ ಹೋಗಿ. ನೀಲಗಿರಿಯಲ್ಲಿ ವರ್ಷಪೂರ್ತಿ ಎಲೆ ಕೀಳುತ್ತಾರೆ, ಆದರೆ ಚಳಿಗಾಲದ ಎಲೆಗೇ ಹೆಸರು. ಅದನ್ನು ಫ್ರಾಸ್ಟ್ ಟೀ ಅಂತಾರೆ. ಹಿಮ ಬಿದ್ದ ಎಲೆಯಿಂದ ಮಾಡುತ್ತಾರೆ ಅಂತ ನಾನು ಅಂದುಕೊಂಡಿದ್ದೆ. ಅದು ತಪ್ಪು. ಹಿಮ ಕೂತ ಎಲೆ ಸುಟ್ಟ ಹಾಗೆ ಕಪ್ಪಾಗಿಬಿಡುತ್ತದೆ. ಹಗಲು ಬಿಸಿಲು, ರಾತ್ರಿ ಕೊರೆಯುವ ಚಳಿ, ಮಳೆ ಇಲ್ಲ, ಹಾಗಾಗಿ ಚಿಗುರು ತುಂಬಾ ನಿಧಾನವಾಗಿ ಬೆಳೆಯುತ್ತದೆ, ಪರಿಮಳ ಅದರಲ್ಲೇ ಗಟ್ಟಿಯಾಗಿ ನಿಲ್ಲುತ್ತದೆ.

ದಾರಿ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಗುಂಡ್ಲುಪೇಟೆ, ಬಂಡೀಪುರ, ಗೂಡಲೂರು, ಊಟಿ, ಅಲ್ಲಿಂದ ಕೂನೂರು. ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಗಾಡಿ ಬಿಡುವುದಿಲ್ಲ. ನೀಲಗಿರಿ ಜಿಲ್ಲೆಗೆ 2024ರ ಮೇಯಿಂದ ಇ-ಪಾಸ್ ಶುರುವಾಗಿದೆ, ಹೊರಡುವ ಮೊದಲೇ ನೋಡಿಕೊಳ್ಳಿ. ಪ್ಲಾಸ್ಟಿಕ್ ನೀರಿನ ಬಾಟಲಿ ತರಬೇಡಿ, ಚೆಕ್‌ಪೋಸ್ಟಿನಲ್ಲಿ ತೆಗೆಸುತ್ತಾರೆ. ಮಸಿನಗುಡಿ ದಾರಿ ಹತ್ತಿರವೇನೋ ಹೌದು, ಆದರೆ 36 ತಿರುವಿನ ಘಾಟ್ ತುಂಬಾ ಕಡಿದು. ಮಕ್ಕಳು, ವಯಸ್ಸಾದವರು ಇದ್ದರೆ ಗೂಡಲೂರಿನ ಮೇಲೆಯೇ ಹೋಗಿ.

ನಾವು ಮಾಡಿದ ಮೊದಲ ತಪ್ಪು, ಭಾನುವಾರ ಫ್ಯಾಕ್ಟರಿ ನೋಡಲು ಹೋಗಿದ್ದು. ತೋಟಕ್ಕೆ ರಜೆ, ಯಂತ್ರವೆಲ್ಲ ನಿಂತಿತ್ತು. ಎರಡನೆಯದು ಅದೇ ದಿನ ರಸ್ತೆ ಬದಿಯ ಅಂಗಡಿಯಲ್ಲಿ ಚಾಕೊಲೇಟ್ ಟೀ ಅಂತ ಅರ್ಧ ಕೆಜಿ ಕೊಂಡಿದ್ದು. ಡಬ್ಬಿ ತೆಗೆದರೆ ಘಮ್ ಅಂತಿತ್ತು. ಮನೆಗೆ ಬಂದ ಎರಡೇ ವಾರಕ್ಕೆ ವಾಸನೆ ಹೋಯಿತು, ಕೆಳಗೆ ಉಳಿದದ್ದು ಸಾಧಾರಣ ಡಸ್ಟ್ ಟೀ. ಮೇಲಿಂದ ಹಾಕಿದ ವಾಸನೆ ಬೇರೆ, ಎಲೆಯದ್ದೇ ಪರಿಮಳ ಬೇರೆ. ಕುಡಿದು ನೋಡದೆ ಏನನ್ನೂ ಕೊಳ್ಳಬೇಡಿ.

ಮಂಗಳವಾರ ಮತ್ತೆ ಹೋದೆವು. ಅಲ್ಲಿ ಎಲೆ ಬಾಡಿಸುವ ಮಹಡಿಯನ್ನು ನೀವು ತಪ್ಪದೆ ನೋಡಬೇಕು. ಉದ್ದನೆಯ ಜಾಲರಿ ತೊಟ್ಟಿಗಳಲ್ಲಿ ಎಲೆ ಹರಡಿ ಕೆಳಗಿನಿಂದ ಗಾಳಿ ಬಿಡುತ್ತಾರೆ, ರಾತ್ರಿಯೆಲ್ಲ. ಮೆಟ್ಟಿಲು ಹತ್ತುವಾಗಲೇ ಹೆಚ್ಚಿದ ಸೇಬಿನ ವಾಸನೆ. ಅಲ್ಲಿದ್ದ ಅಣ್ಣ ಒಂದು ಹಿಡಿ ಎಲೆ ಕೈಗೆ ಕೊಟ್ಟು ಅಮುಕಿ ಅಂದರು. ಅಮುಕಿದೆ. ಎಲೆ ಮುರಿಯಲಿಲ್ಲ, ರೇಷ್ಮೆ ಬಟ್ಟೆಯ ಹಾಗೆ ಮುದ್ದೆಯಾಗಿ ನಿಧಾನಕ್ಕೆ ಬಿಚ್ಚಿಕೊಂಡಿತು. ಹೀಗಾದ ಮೇಲೆಯೇ ಅದನ್ನು ಹೊಸೆಯುತ್ತಾರೆ, ಗಾಳಿಗೆ ಬಿಟ್ಟು ಬಣ್ಣ ತಿರುಗಿಸುತ್ತಾರೆ, ಆಮೇಲೆ ಒಣಗಿಸುತ್ತಾರೆ. ಇದು ಆರ್ಥೊಡಾಕ್ಸ್ ಟೀ. ನಾವು ದಿನಾ ಕುಡಿಯುವ ಸಿಟಿಸಿ ಟೀಯಲ್ಲಿ ಎಲೆಯನ್ನು ಹಲ್ಲಿನ ರೋಲರ್‌ಗಳ ಮಧ್ಯೆ ಜಜ್ಜಿ, ಹರಿದು, ಸಣ್ಣ ಕಾಳು ಮಾಡುತ್ತಾರೆ. ಹಾಲಿಗೆ ಅದೇ ಸರಿ. ನೀಲಗಿರಿಯಲ್ಲೂ ಜಾಸ್ತಿ ತಯಾರಾಗುವುದು ಸಿಟಿಸಿಯೇ, ಹಾಗಾಗಿ ಅಂಗಡಿಯಲ್ಲಿ ಆರ್ಥೊಡಾಕ್ಸ್ ಬೇಕು ಅಂತ ಬಾಯಿಬಿಟ್ಟು ಕೇಳಬೇಕು. ಯಾವ ತಿಂಗಳ ಎಲೆ ಅಂತಲೂ ಕೇಳಿ.

ರುಚಿ? ಅಸ್ಸಾಂ ಟೀ ಬಯಲು ಸೀಮೆಯ ದೊಡ್ಡ ಎಲೆಯದ್ದು, ಹುರಿದ ಧಾನ್ಯದ ಹಾಗೆ ಗಡುಸು. ಡಾರ್ಜಿಲಿಂಗಿನ ಬೇಸಿಗೆ ಟೀ ದ್ರಾಕ್ಷಿಯ ನೆನಪು ತರುತ್ತದೆ, ಅಲ್ಲಿ ಚಿಗುರಿನ ರಸ ಹೀರುವ ಪುಟ್ಟ ಜಿಗಿಹುಳುವಿಗೂ ಆ ಪರಿಮಳದಲ್ಲಿ ಪಾಲಿದೆ. ನಾವು ಕುಡಿದ ಕೂನೂರಿನ ಚಳಿಗಾಲದ ಟೀ ಎರಡಕ್ಕಿಂತ ಹಗುರ, ಹೂವಿನ ವಾಸನೆ, ಒಗರು ಬಹಳ ಕಮ್ಮಿ. ನನಗೆ ಇದೇ ಹೆಚ್ಚು ಇಷ್ಟವಾಯಿತು. ಐಸ್ ಹಾಕಿದರೂ ಮಸುಕಾಗಲಿಲ್ಲ, ಕನ್ನಡಿಯ ಹಾಗೆ ತಿಳಿಯಾಗಿತ್ತು.

ಸಮಯವಿದ್ದರೆ ಕೋಟಗಿರಿ ಕಡೆಯ ಬಡಗರ ಹಟ್ಟಿಗಳನ್ನು ಹಾದು ಹೋಗಿ. ಸಣ್ಣ ಟೀ ಬೆಳೆಗಾರರಲ್ಲಿ ಅವರೇ ಹೆಚ್ಚು. ಬಡಗ ಅಂದರೆ ಬಡಗು, ಉತ್ತರದಿಂದ ಬಂದವರು. ಟೀ ಕೀಳುತ್ತಿದ್ದ ಒಬ್ಬ ಅಜ್ಜಿ ಅವರ ಮಾತಿನಲ್ಲಿ, ನಾನು ಕನ್ನಡದಲ್ಲಿ, ನಿಧಾನವಾಗಿ ಆಡಿದರೆ ಅರ್ಧಕ್ಕರ್ಧ ತಿಳಿಯಿತು. ಎರಡು ಎಲೆ ಒಂದು ಮೊಗ್ಗು ಹೇಗೆ ಚಿವುಟಬೇಕು ಅಂತ ನನ್ನ ಬೆರಳು ಹಿಡಿದು ತೋರಿಸಿದರು.

ಕೊಳ್ಳುವುದಾದರೆ 100 ಗ್ರಾಂ ಸಾಕು. ಒಂದು ಲೋಟಕ್ಕೆ ಒಂದು ಚಮಚ ಎಲೆ, ಕುದಿದು ಒಂದು ನಿಮಿಷ ಆರಿದ ನೀರು, ಮೂರು ನಿಮಿಷ ಮುಚ್ಚಿಟ್ಟು ಸೋಸಿ. ಅದೇ ಎಲೆಗೆ ಇನ್ನೊಮ್ಮೆ ನೀರು ಹಾಕಬಹುದು. ಗಾಳಿಯಾಡದ ಡಬ್ಬಿಯಲ್ಲಿಡಿ, ಸಾಂಬಾರ್ ಪುಡಿಯ ಪಕ್ಕ ಮಾತ್ರ ಬೇಡ, ಟೀ ಎಲೆ ಹತ್ತಿರದ ವಾಸನೆಯನ್ನೆಲ್ಲ ಎಳೆದುಕೊಳ್ಳುತ್ತದೆ. ನನ್ನದು ಈಗ ಬಟ್ಟೆ ಬೀರುವಿನ ಮೇಲಿನ ಶೆಲ್ಫಿನಲ್ಲಿದೆ.