ಬಗ್ ತಿಳಿಸುವವರಿಗೆ ದಾರಿ ಸಲೀಸಾಗಲಿ

'ಆಪ್ ಓಪನ್ ಆಗ್ತಿಲ್ಲ' ಅಂತ ಒಂದೇ ಸಾಲಿನ ದೂರು ಬಂದರೆ ಬಳಕೆದಾರರನ್ನು ದೂರುವ ಮುಂಚೆ ನಮ್ಮ ಸಾಫ್ಟ್‌ವೇರ್ ಅವರಿಗೆ ಎಷ್ಟು ನೆರವಾಯಿತು ಅಂತ ನೋಡಬೇಕು. ಯಾವ ಆವೃತ್ತಿ, ಯಾವ ಆಪರೇಟಿಂಗ್ ಸಿಸ್ಟಂ, ಯಾವ ಗ್ರಾಫಿಕ್ಸ್ ಡ್ರೈವರ್ ಎಂಬುದೆಲ್ಲ ಸಾಫ್ಟ್‌ವೇರಿಗೇ ಗೊತ್ತಿರುತ್ತದೆ. ಅದನ್ನು ಜನರಿಂದ ಹುಡುಕಿಸಿ ಟೈಪ್ ಮಾಡಿಸುವುದು ಅನ್ಯಾಯ.

ಡೆಬಿಯನ್ ಎಂಬ ಲಿನಕ್ಸ್ ಆಪರೇಟಿಂಗ್ ಸಿಸ್ಟಂನಲ್ಲಿ ದೂರು ಕಳಿಸಲು ಇರುವ 'ರಿಪೋರ್ಟ್‌ಬಗ್' ಎಂಬ ಸಲಕರಣೆಯು ತೊಂದರೆ ಕೊಟ್ಟ ಪ್ಯಾಕೇಜಿನ (ಇನ್‌ಸ್ಟಾಲ್ ಮಾಡಿದ ಸಾಫ್ಟ್‌ವೇರ್ ಕಟ್ಟಿನ) ಆವೃತ್ತಿ, ಅದು ನೆಚ್ಚಿಕೊಂಡ ಲೈಬ್ರರಿಗಳು, ಕರ್ನಲ್ (ಸಿಸ್ಟಂನ ತಿರುಳು) ವಿವರ ಎಲ್ಲವನ್ನೂ ತಾನೇ ಸೇರಿಸುತ್ತದೆ. ಈಗಾಗಲೇ ಬಂದಿರುವ ದೂರುಗಳನ್ನೂ ಮೊದಲೇ ತೋರಿಸುತ್ತದೆ. ದೂರು ಇಮೇಲ್‌ನಲ್ಲಿ ಹೋಗುವುದರಿಂದ ಹೊಸ ಖಾತೆಯ ಗೊಡವೆಯೂ ಇಲ್ಲ. ಇಷ್ಟು ದೊಡ್ಡ ಸಲಕರಣೆ ಎಲ್ಲರಿಗೂ ಬೇಕಿಲ್ಲ. ಸಹಾಯ ಮೆನುವಿನಲ್ಲಿ 'ವಿವರ ಕಾಪಿ ಮಾಡಿ' ಎಂಬ ಒಂದು ಬಟನ್ ಇಟ್ಟರೂ ಬಹಳಷ್ಟು ಕೆಲಸ ಮುಗಿಯುತ್ತದೆ.

ಆ ಬಟನ್ ಕೊಡುವ ಪಠ್ಯದಲ್ಲಿ ಆವೃತ್ತಿಯ ಜೊತೆ ಪ್ಯಾಕೇಜಿನ ಬಗೆಯೂ ಇರಲಿ. ಲಿನಕ್ಸ್‌ನ ಫ್ಲ್ಯಾಟ್‌ಪ್ಯಾಕ್ ಬಗೆಯದಾದರೆ, ಆಪ್ ಅನ್ನು ಉಳಿದ ಸಿಸ್ಟಂನಿಂದ ಬೇರ್ಪಡಿಸುವ ಸ್ಯಾಂಡ್‌ಬಾಕ್ಸ್‌ನಿಂದಾಗಿ ಕೆಲವು ಫೋಲ್ಡರ್‌ಗಳೇ ಕಾಣದಿರಬಹುದು. ಅದೇ ಆವೃತ್ತಿಯ, ಡೆಬಿಯನ್ ಮಾದರಿಯ ಡೆಬ್ ಪ್ಯಾಕೇಜಿನಲ್ಲಿ ಆ ತೊಂದರೆ ಬಾರದು. ಲಾಗ್ (ಆಪ್ ಏನೇನು ಮಾಡಿತು ಎಂಬ ದಾಖಲೆ) ಸೇರಿಸುವಾಗ ಹೋಮ್ ಫೋಲ್ಡರ್‌ನ ದಾರಿಯನ್ನು '~' ಮಾಡಿಬಿಡಿ, ಅದರಲ್ಲಿ ಬಳಕೆದಾರರ ಹೆಸರು ಇರುತ್ತದೆ. ಟೋಕನ್ (ಲಾಗಿನ್‌ಗೆ ಬಳಸುವ ಗುಟ್ಟಿನ ಸಂಕೇತ), ಪಾಸ್‌ವರ್ಡ್ ಸೋರದಂತೆ ನೋಡಿಕೊಳ್ಳಿ. ಕಳಿಸುವ ಮುಂಚೆ ಪೂರ್ತಿ ಪಠ್ಯವನ್ನು ಅವರ ಕಣ್ಣಿಗೆ ತೋರಿಸಿ.

ಬಟನ್ ಒತ್ತಿದರೆ ಕೋಡ್ ಇಡುವ ತಾಣ ಗಿಟ್‌ಹಬ್‌ನ ಹೊಸ ಇಶ್ಯೂ (ದೂರು) ಪುಟ ಭರ್ತಿಯಾಗಿಯೇ ತೆರೆಯುವಂತೆ ಲಿಂಕ್ ಕಟ್ಟಬಹುದು. ಆದರೆ ಲಾಗ್ ಅನ್ನು ಲಿಂಕ್‌ಗೆ ತುರುಕಬೇಡಿ. ಲಿಂಕ್ ಉದ್ದ ಮಿತಿ ಮೀರಿದರೆ 414 ದೋಷ ('ವಿಳಾಸ ತುಂಬಾ ಉದ್ದ') ಬಂದು, ಬರೆಯಲು ಹೊರಟವರು ಅಲ್ಲಿಂದಲೇ ವಾಪಸಾಗುತ್ತಾರೆ. ಲಾಗ್ ಬೇರೆ ಫೈಲಾಗಿ ಸೇವ್ ಆಗಲಿ.

ಫಾರ್ಮ್‌ನಲ್ಲಿ ಕಡ್ಡಾಯದ ಪ್ರಶ್ನೆ ಮೂರು ಸಾಕು: ಏನು ಮಾಡಿದಿರಿ, ಏನಾಗಬೇಕಿತ್ತು, ಏನಾಯಿತು. ಹತ್ತು ಕಡ್ಡಾಯ ಮಾಡಿದರೆ ಜನ ಚುಕ್ಕಿ ಹಾಕಿ ಮುಂದೆ ಹೋಗುತ್ತಾರೆ. ಆವೃತ್ತಿಗೆ ಡ್ರಾಪ್‌ಡೌನ್ ಕೊಟ್ಟು, ಬಿಡುಗಡೆಯಾದಾಗ ಅಪ್‌ಡೇಟ್ ಮಾಡಲು ಮರೆತರೆ, ತಪ್ಪು ಆವೃತ್ತಿಯೇ ದಾಖಲಾಗುತ್ತದೆ.

ಲಾಗ್ ಅಂಟಿಸುವ ಜಾಗಕ್ಕೆ ಇಶ್ಯೂ ಫಾರ್ಮ್‌ನ ರೂಪ ಹೇಳುವ ಯಾಮಲ್ ಫೈಲಿನಲ್ಲಿ 'ರೆಂಡರ್' ಸೂಚನೆ ಕೊಡಿ, ಅಂಟಿಸಿದ್ದು ತಾನಾಗಿ ಕೋಡ್ ಆಗಿ ಕೂರುತ್ತದೆ. ಇಲ್ಲದಿದ್ದರೆ ಏನಾಗುತ್ತದೆ ನೋಡಿ: ದೋಷ ಹುಡುಕುವ ಸಲಕರಣೆ ಜಿಡಿಬಿ ಕೊಡುವ ಬ್ಯಾಕ್‌ಟ್ರೇಸ್‌ನ (ಕುಸಿದಾಗ ಕೋಡ್ ಎಲ್ಲೆಲ್ಲಿತ್ತು ಎಂಬ ಪಟ್ಟಿ) ಸಾಲುಗಳು #0, #1, #2 ಎಂದು ಶುರುವಾಗುತ್ತವೆ. ಗಿಟ್‌ಹಬ್ #1, #2 ಮೊದಲಾದವನ್ನು ಇಶ್ಯೂ ಸಂಖ್ಯೆ ಅಂದುಕೊಂಡು ಲಿಂಕ್ ಮಾಡುತ್ತದೆ. ಸಂಬಂಧವೇ ಇಲ್ಲದ ಹಳೆಯ ಇಶ್ಯೂಗಳಲ್ಲಿ 'ಇಲ್ಲಿ ಉಲ್ಲೇಖವಾಗಿದೆ' ಎಂದು ಸಾಲು ಸಾಲು ಬೀಳುತ್ತದೆ.

'ಹಳೆಯ ದೂರುಗಳನ್ನು ಹುಡುಕಿದ್ದೇನೆ' ಎಂಬ ಟಿಕ್ ಬಾಕ್ಸ್‌ನಿಂದ ಪ್ರಯೋಜನ ಕಡಿಮೆ. ಜನ 'ತಾನಾಗೇ ಕ್ಲೋಸ್ ಆಯ್ತು' ಅಂತ ಹುಡುಕಿದರೆ 'ಸೆಗ್‌ಫಾಲ್ಟ್' (ಮೆಮೊರಿ ತಪ್ಪಿನಿಂದ ಕುಸಿತ) ಎಂಬ ಶೀರ್ಷಿಕೆ ಸಿಗುವುದಾದರೂ ಹೇಗೆ? ಶೀರ್ಷಿಕೆ ತಿದ್ದುವಾಗ ಅವರ ಮಾತನ್ನು ಅಳಿಸದೆ ಪಕ್ಕದಲ್ಲಿ ನಿಮ್ಮ ಪದ ಸೇರಿಸಿ.

ಭದ್ರತಾ ದೋಷಕ್ಕೆ ಮಾತ್ರ ಖಾಸಗಿ ವಿಳಾಸ ಬೇರೆಯೇ ಇರಲಿ, ಮತ್ತು ಅದು ಫಾರ್ಮ್ ತೆರೆಯುವ ಮುಂಚೆಯೇ ಕಾಣಲಿ.

ದೂರು ಬಂದ ಮೇಲೆ 'ಹೊಸ ಕೋಡ್‌ನಲ್ಲಿ ಪರೀಕ್ಷಿಸಿ' ಎಂದು ಕೇಳುವುದಾದರೆ ಅವರಿಂದ ಕಂಪೈಲ್ (ಕೋಡ್ ಅನ್ನು ಓಡುವ ಪ್ರೋಗ್ರಾಂ ಆಗಿಸುವ ಕೆಲಸ) ಮಾಡಿಸಬೇಡಿ. ಡೌನ್‌ಲೋಡ್ ಮಾಡಿ ನೇರವಾಗಿ ಓಡಿಸಬಹುದಾದ ಬಿಲ್ಡ್‌ನ ಲಿಂಕ್ ಅದೇ ಉತ್ತರದಲ್ಲಿ ಕೊಡಿ.